ಜಾಮೀನಿಗೆ ಹುಡುಕಿದ ವಕೀಲರು, ಪಾಟೀಸವಾಲಿನ ದಿನ ಎಲ್ಲಿದ್ದರು?

ಶಿಡ್ಲಘಟ್ಟ ತಾಲ್ಲೂಕಿನ ನಮ್ಮೂರ ರೈತರೊಬ್ಬರು ಕೆಲವು ವರ್ಷಗಳ ಹಿಂದೆ ಒಂದು ಸಂಜೆ ಫೋನ್ ಮಾಡಿ, "ಅಣ್ಣಾ, ಹುಡುಗನಿಗೆ ಜಾಮೀನಾಯಿತು, ಇನ್ನು ಕೇಸು ಮುಗಿದ ಹಾಗೆಯೇ" ಎಂದು ನೆಮ್ಮದಿಯ ಉಸಿರು ಬಿಟ್ಟರು. ಹೊಲದ ಬದುವಿನ ಜಗಳದಲ್ಲಿ ಅವರ ತಮ್ಮನ ಮಗನ ಮೇಲೆ ಮಚ್ಚಿನಿಂದ ತೀವ್ರ ಗಾಯ ಮಾಡಿದ ಆರೋಪ ಬಂದಿತ್ತು. ರೇಷ್ಮೆಗೂಡು ಮಾರಿದ ಹಣವನ್ನೆಲ್ಲ ಒಟ್ಟುಮಾಡಿ ಬೆಂಗಳೂರಿನಿಂದ ಒಬ್ಬ ದೊಡ್ಡ ವಕೀಲರನ್ನು ಚಿಕ್ಕಬಳ್ಳಾಪುರದ ಸೆಷನ್ಸ್ ನ್ಯಾಯಾಲಯಕ್ಕೆ ಕರೆತಂದು ಜಾಮೀನು ಪಡೆದಿದ್ದರು. ನನಗೆ ಅವರ ಸಂತೋಷವನ್ನು ಕೆಡಿಸಲು ಮನಸ್ಸಾಗಲಿಲ್ಲ. ಆದರೂ ಅಂದು ಹೇಳದೆ ಉಳಿದ ಮಾತು ಇಂದಿಗೂ ಮನಸ್ಸಿನಲ್ಲಿ ಕೊರೆಯುತ್ತಿರುವುದರಿಂದ ಇದನ್ನು ಬರೆಯುತ್ತಿದ್ದೇನೆ.

ನಾನು ವಕೀಲನಲ್ಲ. 2007ರಲ್ಲಿ ಚಿಕ್ಕಬಳ್ಳಾಪುರ ಪ್ರತ್ಯೇಕ ಜಿಲ್ಲೆಯಾಗುವುದಕ್ಕೆ ಮೊದಲು ಕೋಲಾರ ಜಿಲ್ಲೆಯಲ್ಲಿಯೂ ಆನಂತರ ಈ ಜಿಲ್ಲೆಯಲ್ಲಿಯೂ ನ್ಯಾಯಾಲಯದ ಸಿಬ್ಬಂದಿಯಾಗಿ ದುಡಿದು, ಬಹುಕಾಲ ಬೆಂಚ್ ಕ್ಲರ್ಕ್ ಆಗಿ ನ್ಯಾಯಾಧೀಶರ ಪೀಠದ ಕೆಳಗೆ ಕುಳಿತು ನಿವೃತ್ತನಾದವನು. ಆ ಕುರ್ಚಿಯಿಂದ ಕಂಡದ್ದನ್ನು ಒಂದೇ ಮಾತಿನಲ್ಲಿ ಹೇಳುವುದಾದರೆ, ನಮ್ಮ ಜನ ವಕೀಲರನ್ನು ಆರಿಸುವುದು ಜಾಮೀನಿಗಾಗಿ, ಆದರೆ ಪ್ರಕರಣದ ಹಣೆಬರಹ ಬರೆಯಲ್ಪಡುವುದು ಪಾಟೀಸವಾಲಿನ ದಿನ, ಅಂದರೆ ಎದುರು ಪಕ್ಷದ ಸಾಕ್ಷಿಯನ್ನು ನಮ್ಮ ವಕೀಲರು ಪ್ರಶ್ನಿಸುವ ದಿನ.

ಜಾಮೀನು ಎಂದರೆ ವಿಚಾರಣೆ ಮುಗಿಯುವವರೆಗೆ ಹೊರಗಿರಲು ಸಿಕ್ಕ ಷರತ್ತುಬದ್ಧ ಅನುಮತಿ, ಅಷ್ಟೆ. ಕೆಲವು ಸಂದರ್ಭಗಳಲ್ಲಿ ಅದಕ್ಕೆ ದೊಡ್ಡ ವಾದವೂ ಬೇಕಾಗುವುದಿಲ್ಲ. ಏಳು ವರ್ಷಗಳವರೆಗಿನ ಶಿಕ್ಷೆಯ ಅಪರಾಧಗಳಲ್ಲಿ ಯಾಂತ್ರಿಕವಾಗಿ ಬಂಧಿಸಬಾರದೆಂದು ಸರ್ವೋಚ್ಚ ನ್ಯಾಯಾಲಯವು 2014ರ ಅರ್ನೇಶ್ ಕುಮಾರ್ ಪ್ರಕರಣದಲ್ಲಿಯೇ ಹೇಳಿದೆ. 2024ರ ಜುಲೈ 1ರಿಂದ ಜಾರಿಗೆ ಬಂದಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ (ಬಂಧನ, ಜಾಮೀನು, ವಿಚಾರಣೆಗಳ ಕ್ರಮವನ್ನು ಹೇಳುವ ಕಾನೂನು) 35(3)ನೆಯ ಕಲಮಿನಡಿ ಅಂಥ ಪ್ರಕರಣಗಳಲ್ಲಿ ಮೊದಲು ಹಾಜರಾತಿಯ ನೋಟಿಸು ಬರುತ್ತದೆ. ಆ ನೋಟಿಸನ್ನು ಕಂಡೊಡನೆ ಆಂಧ್ರದ ಗಡಿ ದಾಟಿ ನೆಂಟರ ಮನೆ ಸೇರುವವರನ್ನು ನಾನು ಬೇಕಾದಷ್ಟು ನೋಡಿದ್ದೇನೆ. ನೋಟಿಸಿನಂತೆ ಹಾಜರಾಗುತ್ತಿರುವವರನ್ನು ಬಂಧಿಸಬೇಕಾದರೆ ಪೊಲೀಸರು ಕಾರಣ ಬರೆದಿಡಬೇಕು, ತಲೆಮರೆಸಿಕೊಂಡವರು ಆ ಕಾರಣವನ್ನು ತಾವೇ ಒದಗಿಸುತ್ತಾರೆ. ಇಂಥ ನೋಟಿಸನ್ನು ವಾಟ್ಸಾಪ್‌ನಲ್ಲಿ ಕಳುಹಿಸಿದರೆ ಅದು ಸರಿಯಾದ ಜಾರಿಯಲ್ಲವೆಂದು 2025ರಲ್ಲಿ ಸರ್ವೋಚ್ಚ ನ್ಯಾಯಾಲಯ ಸ್ಪಷ್ಟಪಡಿಸಿದೆ. ಹಾಗೆಂದು ಅದನ್ನು ಅಳಿಸಿಹಾಕಿ ಸುಮ್ಮನಿರದೆ ವಕೀಲರಿಗೆ ತೋರಿಸುವುದು ಒಳ್ಳೆಯದು.

ಬಂಧನವೇ ಆದರೆ ಮನೆಯವರು ಗಮನಿಸಬೇಕಾದದ್ದು ಗಡಿಯಾರವನ್ನು. ಪ್ರಯಾಣದ ಸಮಯವನ್ನು ಬಿಟ್ಟು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು, ಬಂಧನದ ಆಧಾರಗಳನ್ನು ತಿಳಿಸಬೇಕು, ಮನೆಯವರಿಗೋ ಸ್ನೇಹಿತರಿಗೋ ಸುದ್ದಿ ಮುಟ್ಟಿಸಬೇಕು. ಪೊಲೀಸರ ವಿಚಾರಣೆಯ ವೇಳೆ ತನ್ನ ಆಯ್ಕೆಯ ವಕೀಲರನ್ನು ಭೇಟಿಯಾಗುವ ಹಕ್ಕು ಬಂಧಿತನಿಗಿದೆ, ಆದರೆ ವಕೀಲರು ಉದ್ದಕ್ಕೂ ಪಕ್ಕದಲ್ಲಿಯೇ ಕುಳಿತಿರುವಂತಿಲ್ಲ. ತನಿಖೆಯಲ್ಲಿ ಪೊಲೀಸರು ಬರೆದುಕೊಳ್ಳುವ ಹೇಳಿಕೆಗೆ ಸಹಿ ಪಡೆಯುವಂತಿಲ್ಲವೆಂದು ಕಾನೂನೇ ಹೇಳುತ್ತದೆ. ಪೊಲೀಸರ ಮುಂದಿನ ತಪ್ಪೊಪ್ಪಿಗೆಯು ಸಾಕ್ಷ್ಯವಾಗುವುದಿಲ್ಲ. ಆದರೆ 'ಸ್ವಇಚ್ಛಾ ಹೇಳಿಕೆ' ಎಂದು ಕಡತದಲ್ಲಿ ಸೇರುವ ಕಾಗದದಿಂದ ವಸ್ತುವೊಂದು ಪತ್ತೆಯಾಯಿತೆಂದಾದರೆ, ಆ ಪತ್ತೆಗೆ ಸಂಬಂಧಿಸಿದಷ್ಟು ಭಾಗ ಸಾಕ್ಷ್ಯದೊಳಗೆ ಬರುತ್ತದೆ. ಆದ್ದರಿಂದ ಮಹಜರಿನ ಕಾಗದವನ್ನು, ಅಂದರೆ ಸ್ಥಳದಲ್ಲಿ ಏನು ಸಿಕ್ಕಿತೆಂದು ಪಂಚರ ಮುಂದೆ ಬರೆದಿಟ್ಟ ದಾಖಲೆಯನ್ನು, ಓದದ ವಕೀಲರು, ಅವರು ಎಷ್ಟೇ ಗಟ್ಟಿದನಿಯಲ್ಲಿ ಮಾತನಾಡುವವರಾಗಲಿ, ಆರೋಪಿಗೆ ಉಪಯೋಗವಿಲ್ಲ.

ಇನ್ನೊಂದು ಲೆಕ್ಕವಿದೆ. ಮರಣದಂಡನೆ, ಜೀವಾವಧಿ ಅಥವಾ ಹತ್ತು ವರ್ಷ ಹಾಗೂ ಅದಕ್ಕೂ ಹೆಚ್ಚಿನ ಶಿಕ್ಷೆಯ ಅಪರಾಧಗಳಲ್ಲಿ 90 ದಿನ, ಉಳಿದವುಗಳಲ್ಲಿ 60 ದಿನ ಕಳೆದರೂ ದೋಷಾರೋಪ ಪಟ್ಟಿ ಸಲ್ಲಿಕೆಯಾಗದಿದ್ದರೆ ಬಂಧನದಲ್ಲಿರುವವರಿಗೆ ಜಾಮೀನು ಹಕ್ಕಾಗಿ ಬರುತ್ತದೆ. ಆದರೆ ಅದು ತಾನಾಗಿ ಕೈಗೆ ಬೀಳುವುದಿಲ್ಲ, ಪಟ್ಟಿ ಸಲ್ಲಿಕೆಯಾಗುವ ಮೊದಲೇ ಅರ್ಜಿ ಹಾಕಬೇಕು. ಗುಮಾಸ್ತರ ಡೈರಿಯಲ್ಲಿ ಈ ದಿನಾಂಕವನ್ನು ಬರೆಸಿಡುವ ವಕೀಲರನ್ನು ನಾನು ಗೌರವಿಸುತ್ತೇನೆ.

ಹಾಗಾದರೆ ಆರಿಸುವುದು ಹೇಗೆ? ನನ್ನ ಉತ್ತರ ತೀರಾ ಸರಳವಾದದ್ದು. ನಮ್ಮ ನ್ಯಾಯಾಲಯಗಳ ಬಾಗಿಲು ಸಾರ್ವಜನಿಕರಿಗೆ ತೆರೆದಿದೆ. ನೀವು ಮನಸ್ಸಿನಲ್ಲಿಟ್ಟುಕೊಂಡಿರುವ ವಕೀಲರಿಗೆ ಸಾಕ್ಷಿ ವಿಚಾರಣೆ ಇರುವ ದಿನವನ್ನು ಗುಮಾಸ್ತರಿಂದ ತಿಳಿದುಕೊಂಡು, ಹಿಂದಿನ ಬೆಂಚಿನಲ್ಲಿ ಒಂದು ಬೆಳಗ್ಗೆ ಕುಳಿತು ನೋಡಿ. ದಲಾಯತರು ಹೆಸರು ಕೂಗಿದಾಗ ಅವರು ಅಲ್ಲಿರುತ್ತಾರೆಯೇ, ಕಡತದಲ್ಲಿ ಚೀಟಿ ಇಟ್ಟು ಗುರುತು ಮಾಡಿಕೊಂಡಿದ್ದಾರೆಯೇ, ಸಾಕ್ಷಿಯನ್ನು ಗದರಿಸುತ್ತಾರೆಯೇ ಅಥವಾ ಕೇಳಿಸಿಕೊಳ್ಳುತ್ತಾರೆಯೇ ಎಂಬುದು ಅರ್ಧ ದಿನದಲ್ಲಿ ತಿಳಿಯುತ್ತದೆ. ಆಮೇಲೆ ಕಚೇರಿಗೆ ಹೋಗಿ, "ಪಾಟೀಸವಾಲಿಗೆ ತಾವೇ ಬರುತ್ತೀರಾ, ಜೂನಿಯರನ್ನು ಕಳುಹಿಸುತ್ತೀರಾ?" ಎಂದು ಸಂಕೋಚವಿಲ್ಲದೆ ಕೇಳಿ. ಶುಲ್ಕವು ಜಾಮೀನಿಗೆಷ್ಟು, ವಿಚಾರಣೆಗೆಷ್ಟು ಎಂಬುದನ್ನು ಆಗಲೇ ಮಾತನಾಡಿಕೊಳ್ಳಬೇಕು.

"ಗ್ಯಾರಂಟಿ ಬಿಡುಗಡೆ" ಎನ್ನುವವರಿಂದಲೂ "ಸಾಹೇಬರು ನಮಗೆ ಬೇಕಾದವರು" ಎನ್ನುವವರಿಂದಲೂ ದೂರವಿರಿ. ಎರಡನೆಯ ಮಾತನ್ನು ನನ್ನೆದುರೇ ಆಡಿದವರಿದ್ದರು, ಆ ಸಾಹೇಬರಿಗೆ, ಅಂದರೆ ನ್ಯಾಯಾಧೀಶರಿಗೆ, ಅವರ ಮುಖಪರಿಚಯವೂ ಇರಲಿಲ್ಲವೆಂಬುದು ನನಗೆ ಗೊತ್ತಿತ್ತು. ಫಲಿತಾಂಶದ ಮೇಲೆ ಶುಲ್ಕ ಗೊತ್ತುಮಾಡುವುದನ್ನೂ ಜಾಹೀರಾತು ಹಾಕಿ ಕಕ್ಷಿದಾರರನ್ನು ಸೆಳೆಯುವುದನ್ನೂ ವಕೀಲರ ಪರಿಷತ್ತಿನ ನಿಯಮಗಳು ನಿಷೇಧಿಸುತ್ತವೆ. ನ್ಯಾಯಾಲಯದ ಗೇಟಿನ ಬಳಿ ಬಾಡಿಗೆಗೆ ಸಿಗುವ ಜಾಮೀನುದಾರರ ವಿಷಯವೂ ಹೀಗೆಯೇ. ಸ್ವಂತ ಪಹಣಿ ಇರುವ ಬಂಧುವೊಬ್ಬರು ಸಿಗುವವರೆಗೆ ಎರಡು ದಿನ ತಡವಾದರೂ ಚಿಂತೆಯಿಲ್ಲ, ಸುಳ್ಳು ದಾಖಲೆಯ ಜಾಮೀನುದಾರನು ಮತ್ತೊಂದು ಪ್ರಕರಣವನ್ನೇ ತಂದೊಡ್ಡುತ್ತಾನೆ.

ಗೊತ್ತುಮಾಡಿದ ಮೇಲೆ ವಕೀಲರಿಗೆ ನಿಜವನ್ನು ಹೇಳಬೇಕು. ನಡೆದುಹೋದ ಘಟನೆಯ ಬಗ್ಗೆ ನೀವು ಅವರಿಗೆ ಹೇಳಿದ್ದನ್ನು ನಿಮ್ಮ ಒಪ್ಪಿಗೆಯಿಲ್ಲದೆ ಬಹಿರಂಗಪಡಿಸಲು ಸಾಕ್ಷ್ಯ ಕಾನೂನು ಅವರಿಗೆ ಅವಕಾಶ ಕೊಡುವುದಿಲ್ಲ. ನಂಬಿಕೆ ಹೋದರೆ ವಕೀಲರನ್ನು ಬದಲಾಯಿಸಬಹುದು. ಬಾಕಿ ಶುಲ್ಕಕ್ಕಾಗಿ ಕಡತವನ್ನು ಹಿಡಿದಿಟ್ಟುಕೊಳ್ಳುವ ಹಕ್ಕು ವಕೀಲರಿಗಿಲ್ಲವೆಂದು ಸರ್ವೋಚ್ಚ ನ್ಯಾಯಾಲಯ 2000ದಲ್ಲಿಯೇ ತೀರ್ಪು ನೀಡಿದೆ.

ಹಣವಿಲ್ಲದವರಿಗೆ ಒಂದು ಮಾತು. ನಮ್ಮ ಕಡೆ 'ಸರ್ಕಾರಿ ವಕೀಲರು' ಎಂದೊಡನೆ ಗೊಂದಲ ಹುಟ್ಟುತ್ತದೆ. ಸರ್ಕಾರಿ ಅಭಿಯೋಜಕರು ಆರೋಪವನ್ನು ಸಾಬೀತುಪಡಿಸುವ ಕಡೆಯವರು, ಕಾನೂನು ಸೇವಾ ಪ್ರಾಧಿಕಾರ ಒದಗಿಸುವ ಉಚಿತ ವಕೀಲರು ಆರೋಪಿಯ ಕಡೆಯವರು. ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಬಂಧನದಲ್ಲಿರುವವರು ಆದಾಯದ ಮಿತಿಯಿಲ್ಲದೆ ಈ ನೆರವಿಗೆ ಅರ್ಹರು. 15100 ಸಂಖ್ಯೆಗೆ ಕರೆ ಮಾಡಬಹುದು, ತಾಲ್ಲೂಕು ನ್ಯಾಯಾಲಯದ ಕಾನೂನು ಸೇವಾ ಸಮಿತಿಯಲ್ಲಿಯೂ ಅರ್ಜಿ ಕೊಡಬಹುದು. ಬಿಟ್ಟಿ ವಕೀಲರು ಕೆಲಸ ಮಾಡುವುದಿಲ್ಲವೆಂಬ ಮಾತನ್ನು ನಾನು ಒಪ್ಪುವುದಿಲ್ಲ, ಹಣ ಕೊಟ್ಟವರ ಗತಿಯನ್ನೂ ನೋಡಿದ್ದೇನಲ್ಲ.

ಆ ಹುಡುಗನದೇ ಕಥೆ ಕೇಳಿ. ವಿಚಾರಣೆ ಶಿಡ್ಲಘಟ್ಟದ ಮ್ಯಾಜಿಸ್ಟ್ರೇಟ್ ನ್ಯಾಯಾಲಯದಲ್ಲಿ ಶುರುವಾದಾಗ ಬೆಂಗಳೂರಿನ ವಕೀಲರಿಗೆ ಅಷ್ಟು ದೂರ ಬರಲು ಬಿಡುವಾಗಲಿಲ್ಲ. ಎರಡು ವಾಯಿದೆ ಕೇಳಿದ ಮೇಲೆ ಮೂರನೆಯ ಬಾರಿ ಪ್ರತ್ಯಕ್ಷ ಸಾಕ್ಷಿಯ ಪಾಟೀಸವಾಲು 'ನಿಲ್' ಎಂದು ದಾಖಲಾಯಿತು. ಅಂದರೆ ಆ ಸಾಕ್ಷಿ ಹೇಳಿದ್ದಕ್ಕೆ ಎದುರು ಪ್ರಶ್ನೆಯೇ ಇಲ್ಲ. ಆಗ ಮನೆಯವರು ನನ್ನ ಬಳಿ ಓಡಿಬಂದರು. ಊರಿನ ಸಮೀಪದ, ತೆಲುಗು ಬಲ್ಲ ವಕೀಲರೊಬ್ಬರು ವಕಾಲತ್ತು ಹಾಕಿ ಸಾಕ್ಷಿಯನ್ನು ಮರಳಿ ಕರೆಸಲು ಅರ್ಜಿ ಕೊಟ್ಟರು. ವೆಚ್ಚ ತುಂಬುವ ಷರತ್ತಿನೊಡನೆ ಅದು ಮಂಜೂರಾಯಿತು. ಸಾಕ್ಷಿ ತಾನು 'ಗಟ್ಟು' ಮೇಲೆ ನಿಂತು ನೋಡಿದೆನೆಂದು ತೆಲುಗಿನಲ್ಲಿ ಹೇಳಿದ್ದು ಕನ್ನಡದ ದಾಖಲೆಯಲ್ಲಿ 'ದಿಣ್ಣೆ' ಎಂದಾಗಿತ್ತು. ದಿಣ್ಣೆಯ ಮೇಲಿಂದ ಇಡೀ ಹೊಲ ಕಾಣುತ್ತದೆ. ಆದರೆ ಗಟ್ಟು ಎಂದರೆ ಬದುವೂ ಹೌದು, ಆ ಬದುವಿನ ಮುಂದೆ ಆಳೆತ್ತರದ ಹಿಪ್ಪುನೇರಳೆ ಬೆಳೆದಿತ್ತು. ವಕೀಲರು ಕೇಳಿದ್ದು ಆ ಒಂದು ಪ್ರಶ್ನೆಯ ಸುತ್ತಲೇ, ಸುಮಾರು ಅರ್ಧ ಗಂಟೆ. ಪ್ರಕರಣ ಇನ್ನೂ ನಡೆಯುತ್ತಿರುವುದರಿಂದ ಸಾಕ್ಷಿ ಏನು ಉತ್ತರಿಸಿದನೆಂಬುದನ್ನು ಇಲ್ಲಿ ಬರೆಯುವುದಿಲ್ಲ. ಮುಂದಿನ ವಾಯಿದೆಗೆ ತನಿಖಾಧಿಕಾರಿಯ ಪಾಟೀಸವಾಲು ಇದೆ, ಹಿಂದಿನ ಬೆಂಚಿನಲ್ಲಿ ನಾನೂ ಇರುತ್ತೇನೆ.