ಕೇಳಿದ್ದು ಎತ್ತರ ಎಷ್ಟು ಅಂತ, ಅಷ್ಟೇ

ಮನೆಗೆ ಬಂದು ಎರಡು ಗಂಟೆ ಆಯ್ತು. ಕಂಕುಳಲ್ಲಿ ಇನ್ನೂ ಆ ಬೆರಳುಗಳು ಒತ್ತುತ್ತಿರೋ ಹಾಗೇ ಇದೆ. ಅನ್ನ ಕಲಸಿದೆ, ತಿನ್ನೋಕಾಗಲಿಲ್ಲ. ಇದನ್ನ ಬರೆದು ಹಾಕದೆ ಇವತ್ತು ನಿದ್ದೆ ಬರಲ್ಲ.

ಸೋಫಾ ಅಂಗಡಿ ಮುಂದಿನ ಏಳು ಮೆಟ್ಟಿಲ ವಿಷಯ ಬಿಡಿ, ಅದು ಅಭ್ಯಾಸ ಆಗಿಹೋಗಿದೆ. ಒಳಗೆ ಹೋಗಿ ನಾನು ಕೇಳಿದ್ದು ಒಂದೇ ಮಾತು: "ಈ ಸೋಫಾದ ಸೀಟು ನೆಲದಿಂದ ಎಷ್ಟು ಎತ್ತರ ಇದೆ?" ಅಂಗಡಿ ಹುಡುಗ ನನ್ನ ತಮ್ಮನ ಕಡೆ ತಿರುಗಿ, "ಸಾರ್, ಮೇಡಂಗೆ ಯಾವ ಕಲರ್ ಇಷ್ಟ?" ಅಂದ. ಕೇಳಿದವಳು ನಾನು, ದುಡ್ಡು ಕೊಡೋಳು ನಾನು, ಉತ್ತರ ಮಾತ್ರ ಅವನಿಗೆ. ಬ್ಯಾಗಿನಿಂದ ನಾನೇ ಟೇಪು ತೆಗೆದೆ. "ಅಳತೆಯೆಲ್ಲ ಯಾಕೆ ಮೇಡಂ, ಕೂತು ನೋಡಿ, ಎದ್ದೇಳೋಕೇ ಮನಸ್ಸಾಗಲ್ಲ" ಅಂದ.

ಕೂತೆ. ನನಗೀಗ 46. ಎರಡು ವರ್ಷದ ಮಗುವಾಗಿದ್ದಾಗಿನಿಂದ ಈ ಪೋಲಿಯೊ ಕಾಲು ನನ್ನ ಜೊತೆಗಿದೆ. ಯಾವುದರಲ್ಲಿ ಕೂತರೆ ಏಳಬಹುದು, ಯಾವುದರಲ್ಲಿ ಆಗಲ್ಲ ಅಂತ ದೂರದಿಂದಲೇ ಗೊತ್ತಾಗುತ್ತೆ. ಗೊತ್ತಿದ್ದೂ ಕೂತೆ. ಎಲ್ಲರೂ ನೋಡ್ತಿದ್ದರು, ಅದಕ್ಕೇ ಕೂತೆ.

15 ಇಂಚಿನ ಸೀಟು. ಮೈಭಾರ ಬಿದ್ದ ಮೇಲೆ 11 ಇಂಚೂ ಇರಲಿಲ್ಲ ಅನ್ಸುತ್ತೆ. ಆಳ 24 ಇಂಚು, ಬೆನ್ನು ಹಿಂದಕ್ಕೆ ವಾಲಿತು, ಮೊಣಕಾಲು ಸೊಂಟಕ್ಕಿಂತ ಮೇಲೆ ಬಂತು. ಕೈ ಊರೋಣ ಅಂದ್ರೆ ಕೈಯಿಡೋ ಜಾಗವೂ ಮೆತ್ತನೆ ದಿಂಬು. ಕಾಲಿಗೆ ಆಸರೆಯಾಗಿ ಕಟ್ಟಿಕೊಳ್ಳೋ ನನ್ನ ಕ್ಯಾಲಿಪರಿಗೆ ಮೊಣಕಾಲಿನ ಎರಡೂ ಬದಿ ಉಂಗುರದಂಥ ಲಾಕ್ ಇದೆ. ಕಾಲು ಮುಂದೆ ನೆಟ್ಟಗೆ ಚಾಚಿದರೆ ಅದು ಕೆಳಗಿಳಿದು ಟಕ್ ಅನ್ನುತ್ತೆ, ಆಮೇಲೆ ಎರಡೂ ಕೈ ಊರಿ ಏಳಬೇಕು. ಕಾಲು ಚಾಚೋಕೆ ಹೋದರೆ ಎದುರಿಗೆ ಟೀಪಾಯಿ. "ಒಂದ್ನಿಮಿಷ ಇರಿ, ನಾನೇ ಏಳ್ತೀನಿ" ಅಂದೆ. ಗಟ್ಟಿಯಾಗೇ ಅಂದೆ. ಅಂಚಿಗೆ ಸರಿದು ಪಕ್ಕಕ್ಕೆ ಹೊರಳಿದ್ದರೆ ಎದ್ದೇಬಿಡ್ತಿದ್ದೆ.

ಆಗ ಇಬ್ಬರು ಬಂದರು. ಆ ಕಡೆ ಒಬ್ಬ, ಈ ಕಡೆ ಒಬ್ಬ. ಕೇಳಲಿಲ್ಲ. ಕಂಕುಳಿಗೆ ಕೈ ಹಾಕಿ ಮೂಟೆ ಎತ್ತಿದ ಹಾಗೆ ಎತ್ತಿಬಿಟ್ಟರು. ಲಾಕ್ ಇನ್ನೂ ಬಿದ್ದಿರಲಿಲ್ಲ, ಕಾಲು ಮಡಚಿಕೊಂಡು ನೇತಾಡ್ತಿತ್ತು. ಸೀರೆ ಮೇಲೆ ಸರಿದು ಕ್ಯಾಲಿಪರಿನ ಚರ್ಮದ ಪಟ್ಟಿ ಎಲ್ಲ ಕಾಣ್ತಿತ್ತು. ಊಟದ ಮೇಜು ನೋಡ್ತಿದ್ದ ಗಂಡ ಹೆಂಡತಿ ಮಾತು ನಿಲ್ಲಿಸಿದರು. ಅವರ ಮಗು ಏನೋ ಕೇಳ್ತು. ಆಕೆ, "ಪಾಪ, ಹಾಗೆಲ್ಲ ನೋಡಬಾರದು" ಅಂತ ಅದರ ಮುಖ ತಿರುಗಿಸಿದಳು. ಮಾಲೀಕ ಗಲ್ಲಾದಿಂದಲೇ ನನ್ನ ತಮ್ಮನಿಗೆ, "ಸಾರ್, ಇವರಿಗೆ ಮೆಡಿಕಲ್ ಶಾಪಲ್ಲಿ ಚೇರ್ ಸಿಗುತ್ತೆ ನೋಡಿ" ಅಂದ. ಅವನು ಹೇಳಿದ್ದು ಕಮೋಡ್ ಚೇರು, ಕಕ್ಕಸಿಗೆ ಕೂರೋ ಕುರ್ಚಿ. ನಾನು ಹೋಗಿದ್ದು ನನ್ನ ಮನೆ ಹಾಲ್‌ಗೆ ಸೋಫಾ ತರೋಕೆ.

ಅದಾದಮೇಲೆ ನಾನು ಏನು ಮಾಡಿದೆ ಗೊತ್ತಾ? ಆ ಇಬ್ಬರಿಗೂ "ಥ್ಯಾಂಕ್ಸ್" ಅಂದೆ. ಅದೇ ನುಂಗೋಕಾಗ್ತಿಲ್ಲ.

ಆಟೋದಲ್ಲಿ ತಮ್ಮ, "ಬಿಡು ಅಕ್ಕಾ, ಸಹಾಯ ಮಾಡೋಕೇ ತಾನೇ ಬಂದಿದ್ದು" ಅಂದ. ನಿಜ ಇರಬಹುದು. ಆ ಹುಡುಗರಿಗೆ ಇಪ್ಪತ್ತು ವರ್ಷವೂ ಇರಲಿಕ್ಕಿಲ್ಲ, ಯಾರೂ ಹೇಳಿಕೊಟ್ಟಿಲ್ಲ, ಅವರ ಮೇಲೆ ಕೋಪ ಇಲ್ಲ. ಇಲ್ಲ, ಇದೆ. ಇರಿ ಅಂದೆನಲ್ಲ! ಇರಿ ಅನ್ನೋದು ಅರ್ಥ ಆಗೋಕೆ ಯಾರು ಹೇಳಿಕೊಡಬೇಕು? ದಿನಕ್ಕೆ ನಲವತ್ತು ಸಲ ನಾನೇ ಕೂತು ನಾನೇ ಏಳ್ತೀನಿ. ಬೆಳಿಗ್ಗೆ ಆಫೀಸಿಗೆ ಹೋಗಿ ಸಂಜೆ ಬಂದು ಅಡುಗೆ ಮಾಡ್ತೀನಿ. ಕೆಲವೇ ಇಂಚು ಕಡಿಮೆ ಆಗಿದ್ದಕ್ಕೆ ನಾನು ಎತ್ತಿ ನಿಲ್ಲಿಸಬೇಕಾದ ಸಾಮಾನು ಆಗಿಬಿಟ್ಟೆ.

ಮೆಟ್ಟಿಲ ವಿಷಯ ಬಿಡಿ ಅಂದೆ ಅಲ್ವಾ, ಯಾಕೆ ಬಿಡಬೇಕು? ಅಂಗವಿಕಲರು ಒಳಗೆ ಹೋಗಿಬರೋಕೆ ಬೇಕಾದ ಸೌಕರ್ಯದ ನಿಯಮಗಳು ಬರೀ ಸಲಹೆ ಆಗಿದ್ದರೆ ಸಾಲದು, ಕಡ್ಡಾಯ ಆಗಬೇಕು ಅಂತ 2024ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ತೆಗೆದು 43ನೇ ಕಲಮು ಓದಿ. ಅಂಗವಿಕಲರೂ ಬಳಸೋ ಹಾಗೆ, ಎಲ್ಲರಿಗೂ ಹೊಂದೋ ಸಾಮಾನು ತಯಾರಾಗೋದಕ್ಕೆ, ವಿತರಣೆ ಆಗೋದಕ್ಕೆ ಸರ್ಕಾರ ಉತ್ತೇಜನ ಕೊಡಬೇಕು ಅಂತಿದೆ. ಎಲ್ಲಿದೆ ಆ ಸಾಮಾನು? ಗಾಲಿಕುರ್ಚಿಗೆ ಜಿಎಸ್‌ಟಿ 5%. ಅದರಿಂದ ಇಳಿದು ಕೂರೋ ಸೋಫಾಗೆ, ಮಲಗೋ ಮಂಚಕ್ಕೆ 18%. ಮನೆಯೊಳಗೆ ನಾವು ಕೂರೋದೇ ಬೇಡವಾ?

ಹೋಗಲಿ, ಮಾಡಿಸಿಕೊಳ್ಳೋಣ ಅಂದರೆ ಬಡಗಿಗಳೆಲ್ಲ ಪ್ಲೈವುಡ್ಡಿನ ಅಡುಗೆಮನೆ ಕೆಲಸಕ್ಕೆ ಹೋಗಿದ್ದಾರೆ. "ಒಂದು ಚೇರಿಗೆ ಯಾರು ಬರ್ತಾರಮ್ಮ" ಅಂತಾರೆ. ಸೋಫಾದ ಕಾಲಿನ ಕೆಳಗೆ ಮರದ ತುಂಡು ಕೊಡಿ ಅನ್ನೋರಿಗೆ ಒಂದು ಮಾತು: ಕೈ ಊರಿ ಏಳುವಾಗ ಆ ತುಂಡು ಜಾರಿದರೆ ನಾನು ಹಲ್ಲು ಮುರಿದುಕೊಂಡು ಬೀಳೋದು. ಮಂಚವೂ ಅಷ್ಟೇ. ಕೆಳಗೆ ನೆಲದವರೆಗೂ ಹಲಗೆ ಇರೋ ಬಾಕ್ಸ್ ಮಂಚದ ಪಕ್ಕ ಗಾಲಿಕುರ್ಚಿ ಒತ್ತಾಗಿ ನಿಲ್ಲಿಸೋಕೇ ಆಗಲ್ಲ, ಪಾದ ಇಡೋ ತಟ್ಟೆ ಹಲಗೆಗೆ ಹೊಡೆಯುತ್ತೆ. ನನ್ನ ಗೆಳತಿ ಕುರ್ಚಿಗೂ ಮಂಚಕ್ಕೂ ನಡುವೆ ಬಿದ್ದಿದ್ದು ಹಾಗೇ.

ಸಾಕು ಅನ್ಸುತ್ತೆ. ತಾತನ ಕೈಕುರ್ಚಿಯಲ್ಲಿ ಕೂತು ಬರೀತಿದ್ದೀನಿ. 19 ಇಂಚು ಎತ್ತರ, ಕೈಗಳು ಸೀಟಿನ ಅಂಚಿನವರೆಗೂ ಗಟ್ಟಿ ಮರ, ಅಡಿಯಲ್ಲಿ ಹಿಮ್ಮಡಿ ಹಿಂದಕ್ಕೆ ಇಡೋಕೆ ಜಾಗ. ಬೆತ್ತ ಹರಿದುಹೋಗಿದೆ, ಹೊಸದಾಗಿ ಹೆಣೆಯೋರು ಸಿಗಲಿಲ್ಲ ಅಂತ ತಾನೇ ಅಂಗಡಿಗೆ ಹೋಗಿದ್ದು. ತಾತನಿಗೆ ಅಂಗವೈಕಲ್ಯ ಇರಲಿಲ್ಲ, ಆಗ ಎಲ್ಲರ ಕುರ್ಚಿಯೂ ಹೀಗೇ ಇರ್ತಿತ್ತು. ಮಂಡಿ ಆಪರೇಷನ್ ಆದವರಿಗೆ ಡಾಕ್ಟರು ತಗ್ಗಿನಲ್ಲಿ ಕೂರಬೇಡಿ ಅಂತಾರಲ್ಲ, ಅವರೆಲ್ಲ ಎಲ್ಲಿ ಕೂರ್ತಾರೆ ಈಗ?

ಯಾರಾದರೂ ಉತ್ತರ ಕೊಡಿ. ಮೈಸೂರು, ಮಂಡ್ಯ, ಬೆಂಗಳೂರು, ಎಲ್ಲಾದರೂ ಸರಿ. ಕೂತ ಮೇಲೆ 19 ಇಂಚು ಉಳಿಯೋ ಗಟ್ಟಿ ಸೀಟು, ಆಳ 18ಕ್ಕಿಂತ ಹೆಚ್ಚಿರಬಾರದು, ಕೈ ಮರದ್ದು. ಬೆಲೆ, ಬಣ್ಣ ಆಮೇಲೆ, ಮೊದಲು ಟೇಪು ಹಿಡಿದು ಅಳೆದು ಬರೆಯಿರಿ. ಅಳೆಯೋಕಾಗದಿದ್ದರೆ ಬೇಡ, ಆದರೆ ದಯವಿಟ್ಟು ಪಾಪ ಅಂತ ಮಾತ್ರ ಬರೀಬೇಡಿ.