ಗುಡ್ಡೆ ಬೋಳಿಸಿದರೆ ನೀರು ಜಾಸ್ತಿಯಂತೆ!

ನಿನ್ನೆ ಉಡುಪಿಯ ಹಿರಿಯಡ್ಕದ ಹತ್ತಿರ ಒಂದು ಮದುವೆ ಊಟ. ಪಕ್ಕದ ಎಲೆಯವರು ಸಾರು ಕಲಸುತ್ತಾ ಹೇಳಿದರು: "ಗುಡ್ಡೆ ಬೋಳಿಸಿ ಎರಡು ವರ್ಷ ಆಯ್ತು ಮಾರಾಯ್ರೆ. ತೋಡಿನಲ್ಲಿ ನೀರು ಜಾಸ್ತಿಯೇ ಆಗಿದೆ! ಈ ಪರಿಸರದವರದ್ದು ಸುಮ್ನೆ ಬೊಬ್ಬೆ." ಹೇಳುವಾಗ ಕಣ್ಣು ನನ್ನ ಮೇಲೆಯೇ.

ಅವರು ಹೇಳಿದ್ದು ಸುಳ್ಳಾಗಿದ್ದರೆ ಇಷ್ಟು ಸಿಟ್ಟು ಬರುತ್ತಿರಲಿಲ್ಲ.

ಮರ ನೀರು ಕುಡಿಯುತ್ತದೆ, ಎಲೆಯಿಂದ ಗಾಳಿಗೆ ಬಿಡುತ್ತದೆ. ಕಡಿದರೆ ಆ ಖರ್ಚು ಉಳಿದು ತೋಡಿಗೆ ಬರುತ್ತದೆ. ಅಮೆರಿಕದ ಹಬಾರ್ಡ್ ಬ್ರೂಕ್‌ನಲ್ಲಿ 1965ರಲ್ಲಿ ಒಂದಿಡೀ ಕಣಿವೆ ಬೋಳಿಸಿ, ಚಿಗುರದ ಹಾಗೆ ಔಷಧಿ ಹೊಡೆದು ಅಳೆದರು. ಹರಿವು ಮೊದಲ ವರ್ಷವೇ ಸುಮಾರು ಶೇ. 40 ಏರಿತ್ತು. ಆದರೆ ಎರಡು ವರ್ಷ ನೋಡಿ ತೀರ್ಪು ಕೊಡುವುದಾ? ಮೆಲ್ಬೋರ್ನ್ ಬಳಿ 1939ರ ಕಾಡ್ಗಿಚ್ಚಿನ ನಂತರ ಎದ್ದ ಎಳೆ ಮರಗಳು ಮುದಿ ಮರಕ್ಕಿಂತ ಜಾಸ್ತಿ ಕುಡಿದು, ಅಲ್ಲಿನ ಹೊಳೆಗಳನ್ನು ಹತ್ತಾರು ವರ್ಷ ಇಳಿಸಿಬಿಟ್ಟವು.

ನಮ್ಮ ಕಥೆ ಇನ್ನೂ ಬೇರೆ. ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರ್ ಹತ್ತಿರ ಮಳೆ, ಹೆಚ್ಚಿನದ್ದು ನಾಲ್ಕೇ ತಿಂಗಳಲ್ಲಿ. ಒಟ್ಟು ಎಷ್ಟು ಹರಿಯಿತು ಅಂತ ಯಾರಿಗೆ ಬೇಕು? ಮೇಯಲ್ಲಿ ಎಷ್ಟು ಉಳಿಯಿತು ಹೇಳಿ. ತರಗೆಲೆ ಹೊದ್ದ ಮಣ್ಣು ಮಳೆಯನ್ನು ಒಳಗೆ ಇಳಿಸುತ್ತದೆ. ಜೆಸಿಬಿ ಓಡಾಡಿ ಮುರಕಲ್ಲು, ಅಂದರೆ ಕೆಂಪುಕಲ್ಲು, ಎದ್ದ ನೆಲ ಸಿಮೆಂಟ್ ಅಂಗಳದ ಹಾಗೆ. ಆಟಿಯ, ಅಂದರೆ ಜುಲೈ-ಆಗಸ್ಟಿನ, ನೀರು ಆಟಿಯಲ್ಲೇ ಸಮುದ್ರಕ್ಕೆ. 2019ರ ಮೇಯಲ್ಲಿ, ಉಡುಪಿಗೆ ಕುಡಿಯುವ ನೀರು ಕೊಡುವ ಬಜೆ ಅಣೆಕಟ್ಟಿನ ತಳ ನೋಡಿದ ಊರು ನಮ್ಮದು. ಆ ಸಲ ಮಳೆ ಕೈಕೊಟ್ಟಿತ್ತು, ಒಪ್ಪಿದೆ. ಕೈಕೊಡುವ ವರ್ಷಕ್ಕೇ ಅಲ್ವಾ ನೆಲದೊಳಗೆ ಉಳಿತಾಯ ಬೇಕಾದದ್ದು?

"ಅಕೇಶಿಯಾ ನೆಟ್ಟಿದ್ದೇವಲ್ಲ, ಅದೂ ಹಸಿರೇ" ಅಂದರು. ಹೌದೌದು, ಪಾಚಿಯೂ ಹಸಿರೇ.

ಇಷ್ಟಕ್ಕೇ ನಿಲ್ಲಿಸಿದರೆ ನನ್ನ ಮರ್ಯಾದೆ ಉಳಿಯುತ್ತಿತ್ತು. ನಮ್ಮ ಮನೆ ಹಿಂದಿನ ಹಾಡಿಯ ಮರ ಕಡಿಸಿದ್ದು ಅಪ್ಪ, ನನ್ನ ಕಾಲೇಜು ಫೀಸಿಗೆ. ಮರುವರ್ಷ ತೋಡಿಗೆ ಅಡ್ಡ ಮಣ್ಣಿನ ಕಟ್ಟ ಹಾಕುವಾಗ ಮೊಣಕಾಲು ನೀರು. ಅಪ್ಪ ಖುಷಿಯಲ್ಲಿ ಕಟ್ಟವನ್ನು ಒಂದು ಮೊಳ ಎತ್ತರಿಸಿದ್ದರು. ನಾನೂ ಮಣ್ಣು ಹೊತ್ತಿದ್ದೆ, ನಗುತ್ತಲೇ. ಆರನೇ ವರ್ಷ ಶಿವರಾತ್ರಿಗೆ ಅದೇ ಕಟ್ಟದ ಬುಡದಲ್ಲಿ ಒಣಗಿದ ಏಡಿ ಚಿಪ್ಪು ಸಿಕ್ಕಿತು.

ಇದನ್ನೆಲ್ಲ ಎಲೆಯ ಮುಂದೆ ಹೇಳಿದೆನಾ? ಎಲ್ಲಿ! "ನಿಮ್ಮ ತೋಡಿನಲ್ಲಿ ಈಗ ನೀರುಂಟಾ?" ಅಂತ ಅವರು ಕೇಳುವಷ್ಟರಲ್ಲಿ ಬಡಿಸುವ ಹುಡುಗ ಬಂದ. "ಪಾಯಸ ಹಾಕಿಸಿಕೊಳ್ಳಿ" ಅಂದೆ.