ಫುಲ್ ಟಿಕೆಟ್ ಕೊಟ್ಟು ಬ್ಯಾಗ್ ಮಲಗಿಸಿದ ಕಥೆ

ಅರವತ್ತು ದಾಟಿದ ಅಜ್ಜಿ ಒಬ್ಬಳೇ ರೈಲು ಹತ್ತಿದರೆ ಅವಳಿಗೆ ಮಂಡಿನೋವು ಇರುತ್ತದೆ, ಪಾಪ, ಲೋವರ್ ಬರ್ತ್ ಕೊಡಬೇಕು. ಅದೇ ಅಜ್ಜಿ ಆರು ವರ್ಷದ ಮೊಮ್ಮಗನ ಕೈ ಹಿಡಿದುಕೊಂಡು ಹತ್ತಿದರೆ ಮಂಡಿನೋವು ಮಾಯ. ಮಂಗನ ಹಾಗೆ ಮೇಲಿನ ಬರ್ತಿಗೆ ಜಿಗಿಯುತ್ತಾಳೆ. ನಾನು ತಮಾಷೆ ಮಾಡುತ್ತಿಲ್ಲ, ನಮ್ಮ ರೈಲು ಟಿಕೆಟ್ಟಿನ ನಿಯಮ ಇರುವುದೇ ಹೀಗೆ. ಅದನ್ನು ಅನುಭವಿಸಿ ಬಂದಿದ್ದೇನೆ, ಸೊಂಟ ಇನ್ನೂ ಸರಿಯಾಗಿಲ್ಲ. ಸ್ವಲ್ಪ ಕೂಗಾಡಿಬಿಡುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಮೊಮ್ಮಗನಿಗೆ ಇದು ಮೊದಲ ರೈಲು. ವಿಮಾನ ಹತ್ತಿದ್ದಾನೆ, ರೈಲು ಹತ್ತಿಲ್ಲ! ಈಗಿನ ಮಕ್ಕಳ ಕಥೆಯೇ ಹೀಗೆ ಬಿಡಿ. ಬೇಸಿಗೆ ರಜೆಗೆ ಬೆಂಗಳೂರಿನಿಂದ ಹುಬ್ಬಳ್ಳಿಗೆ, ನನ್ನ ತಂಗಿ ಮನೆಗೆ ಕರೆದುಕೊಂಡು ಹೋಗುತ್ತೇನೆ ಅಂತ ನಾನೇ ಹೊರಟೆ. ಕಿಟಕಿಯಿಂದ ಗಾಳಿ ಬೀಸಬೇಕು, ಸ್ಟೇಷನ್ ಬಂದಾಗ ಚಾಯ್ ಚಾಯ್ ಅಂತ ಕೂಗುವುದು ಕೇಳಬೇಕು, ಎಸಿ ಬೋಗಿಯ ಗಾಜಿನ ಹಿಂದೆ ಕೂತರೆ ಅದೂ ವಿಮಾನದ ಹಾಗೇ ಅಲ್ವಾ ಅಂತ ಹೇಳಿ ಸ್ಲೀಪರ್ ಮಾಡಿಸಿದೆ. 2024ರ ನವೆಂಬರ್‌ನಿಂದ ಬುಕಿಂಗ್ ತೆರೆಯುವುದು 60 ದಿನ ಮುಂಚೆ, ಮೊದಲು 120 ದಿನ ಇತ್ತು. ಮಗ ತೆರೆದ ದಿನವೇ ಬೆಳಿಗ್ಗೆ 8ಕ್ಕೆ ಮೊಬೈಲ್ ಹಿಡಿದು ಕೂತು, ಕಾಫಿ ಕೂಡ ಕುಡಿಯದೆ ಟಿಕೆಟ್ ಮಾಡಿದ. ಅಮ್ಮನ ವಯಸ್ಸು ಹಾಕಿದ್ದೀನಿ, ಲೋವರ್ ಬಂದೇ ಬರುತ್ತೆ ಅಂದ. ಬಂದಿದ್ದು ಎರಡು ಅಪ್ಪರ್. ಎದುರುಬದುರು. ದೇವರು ಇಷ್ಟಾದರೂ ಕೃಪೆ ತೋರಿಸಿದ.

ಯಾಕೆ ಹೀಗೆ ಅಂತ ವಿಚಾರಿಸಿದ ಮೇಲೆ ಗೊತ್ತಾಯಿತು. 60 ದಾಟಿದ ಗಂಡಸರಿಗೆ, 45 ದಾಟಿದ ಹೆಂಗಸರಿಗೆ ಅಂತ ಲೋವರ್ ಕೋಟಾ ಇದೆ. ಒಂದು ಸ್ಲೀಪರ್ ಬೋಗಿಯಲ್ಲಿ ಆರೋ ಏಳೋ ಬರ್ತ್. ಆದರೆ ಅದು ಸಿಗುವುದು ಒಬ್ಬರೇ ಹೋದರೆ, ಇಲ್ಲವೇ ಟಿಕೆಟ್ಟಿನಲ್ಲಿರುವ ಇಬ್ಬರೂ ಆ ವಯಸ್ಸಿನವರೇ ಆದರೆ ಮಾತ್ರ. ಒಬ್ಬರು ಹಿರಿಯರು, ಇನ್ನೊಬ್ಬರು ಕಿರಿಯರು ಅಂದರೆ ಸಿಸ್ಟಂ ನಿಮ್ಮನ್ನು ಆ ಕೋಟಾಕ್ಕೆ ಪರಿಗಣಿಸುವುದೇ ಇಲ್ಲ. ಜೊತೆಗಿರುವವರು ಸಹಾಯ ಮಾಡುತ್ತಾರೆ ಅನ್ನೋ ಲೆಕ್ಕ ಇರಬೇಕು. ಯಾರು ಸಹಾಯ ಮಾಡೋದು ಸ್ವಾಮಿ, ಆರು ವರ್ಷದ ಮಗುವಾ? ಅವನು ನನ್ನನ್ನು ಎತ್ತಿ ಮೇಲೆ ಕೂರಿಸುತ್ತಾನಾ?

ದುಡ್ಡಿನ ವಿಷಯ ಕೇಳಿ. ಐದು ವರ್ಷದ ಒಳಗಿನ ಮಗುವಿಗೆ ಬರ್ತ್ ಬೇಡ ಅಂದರೆ ಟಿಕೆಟ್ ಇಲ್ಲ. ಐದರಿಂದ ಹನ್ನೆರಡರ ಒಳಗೆ ಅರ್ಧ ಟಿಕೆಟ್ ತೆಗೆದುಕೊಂಡರೆ ಬರ್ತ್ ಇಲ್ಲ, ಬರ್ತ್ ಬೇಕಾದರೆ ಪೂರ್ತಿ ಹಣ. 2016ರ ಏಪ್ರಿಲ್‌ನಿಂದ ಇದೇ ನಡೆದುಕೊಂಡು ಬಂದಿದೆ. ಆಯ್ತು, ರಾತ್ರಿ ಪ್ರಯಾಣ, ಮಗು ನೆಮ್ಮದಿಯಾಗಿ ಮಲಗಲಿ ಅಂತ ಪೂರ್ತಿ ಕೊಟ್ಟೆವು. ನನಗೂ ಪೂರ್ತಿಯೇ. 58 ದಾಟಿದ ಹೆಂಗಸರಿಗೆ ಇದ್ದ 50 ಪರ್ಸೆಂಟ್ ರಿಯಾಯಿತಿಯನ್ನು ಕೊರೊನಾ ಹೊತ್ತಿನಲ್ಲಿ, 2020ರ ಮಾರ್ಚ್‌ನಲ್ಲಿ, ಕಿತ್ತು ಹಾಕಿದರಲ್ಲ. ಅಂದರೆ ಹಣ ತಗೊಳ್ಳುವಾಗ ನಾನು ಮುದುಕಿ ಅಲ್ಲ, ಅವನು ಮಗು ಅಲ್ಲ, ನಾವಿಬ್ಬರೂ ದುಡಿಯುವ ವಯಸ್ಸಿನ ಗಟ್ಟಿಮುಟ್ಟಾದ ಜನ. ಕೊಟ್ಟವನು ಕೋಡಂಗಿ, ಇಸ್ಕೊಂಡವನು ಈರಭದ್ರ.

ರೈಲು ಹತ್ತಿದೆವು. ಮಗು ಖುಷಿಯಲ್ಲಿ ಕುಣಿಯುತ್ತಿದೆ. ಫ್ಯಾನಿಗೆ ಯಾಕೆ ಪಂಜರ, ಈ ಚೈನು ಎಳೆದರೆ ಏನಾಗುತ್ತೆ, ಡ್ರೈವರ್ ಊಟ ಮಾಡಿದ್ದಾನಾ, ಒಂದೇ ಸಮನೆ ಪ್ರಶ್ನೆ. ನಾನು ಉತ್ತರ ಕೊಡುವುದು ಬಿಟ್ಟು ಬರ್ತ್ ಬೇಡುವ ಕೆಲಸಕ್ಕೆ ಇಳಿದೆ. ಹೌದು, ಬೇಡುವುದೇ. ಕೆಳಗಿನ ಒಂದು ಬರ್ತಿನಲ್ಲಿ ಇಪ್ಪತ್ತೈದರ ಹುಡುಗ. ಕಿವಿಯಿಂದ ಇಯರ್‌ಫೋನ್ ಕೂಡ ತೆಗೆಯದೆ, ಆಂಟಿ ನನಗೆ ಬಂದಿರೋದೇ ಲೋವರ್, ನಾನು ಯಾಕೆ ಬಿಡಲಿ ಅಂದ. ಮೈಯೆಲ್ಲಾ ಉರಿದುಹೋಯಿತು. ಇನ್ನೊಂದರಲ್ಲಿ ಒಬ್ಬ ಹೆಂಗಸು, ಆಪರೇಷನ್ ಆಗಿ ಇನ್ನೂ ತಿಂಗಳು ತುಂಬಿಲ್ಲ, ಹೊಟ್ಟೆ ಹಿಡಿದುಕೊಂಡೇ ಕೂತಿದ್ದರು. ಅವರನ್ನು ಕೇಳಿದ್ದಕ್ಕೆ ನನಗೇ ನಾಚಿಕೆ ಆಯಿತು. ಮಿಡಲ್ ಬರ್ತಿನ ಇಬ್ಬರು, ಇದು ನಮಗೆ ಸಂಬಂಧಿಸಿದ್ದಲ್ಲ ಅಂತ ಮೊಬೈಲ್ ನೋಡುತ್ತಾ ಕೂತರು.

ಟಿಸಿ ಬಂದರು. ಪರಿಸ್ಥಿತಿ ಹೇಳಿದೆ. ಖಾಲಿ ಲೋವರ್ ಇದ್ದರೆ ಮೇಲೆ ಸಿಕ್ಕಿರುವ ಹಿರಿಯರಿಗೆ ಕೊಡಬಹುದು ಅಂತ ನಿಯಮ ಇದೆ, ಅದು ಅವರಿಗೂ ಗೊತ್ತು. ಬೇಸಿಗೆ ರಜೆಯಲ್ಲಿ ಖಾಲಿ ಎಲ್ಲಿಂದ ಬರಬೇಕು? ಬಾಗಿಲ ಹತ್ತಿರವೇ ಜನ ಪೇಪರ್ ಹಾಸಿಕೊಂಡು ಮಲಗಿದ್ದರು. ಅಡ್ಜಸ್ಟ್ ಮಾಡ್ಕೊಳ್ಳಿ ಅಮ್ಮಾ ಅಂದು ಮುಂದೆ ಹೋದರು. ಈ ಅಡ್ಜಸ್ಟ್ ಅನ್ನೋ ಪದ ಕಂಡುಹಿಡಿದವರು ಯಾರೋ, ಒಂದು ಸಲ ನನ್ನ ಕೈಗೆ ಸಿಗಬೇಕು.

ಹತ್ತು ಗಂಟೆಗೆ ಮಿಡಲ್ ಬರ್ತಿನವರು ಬರ್ತ್ ಎತ್ತಿ ಕೊಕ್ಕೆ ಹಾಕಿದರು. ಕೂರಲಿಕ್ಕೂ ಜಾಗ ಇಲ್ಲ. ಹತ್ತಲೇಬೇಕು. ಆ ಕಬ್ಬಿಣದ ಮೆಟ್ಟಿಲು ನೋಡಿದ್ದೀರಲ್ಲ, ಪಾದದ ಕಾಲು ಭಾಗ ಮಾತ್ರ ಹಿಡಿಯುತ್ತದೆ. ಸೀರೆ ಎತ್ತಿ ಸಿಕ್ಕಿಸಿಕೊಂಡು, ಅಷ್ಟು ಗಂಡಸರ ಮುಂದೆ, ಕೆಳಗಿನಿಂದ ಒಬ್ಬರು ಹುಷಾರು ಹುಷಾರು ಅನ್ನುತ್ತಿರುವಾಗ ನಾನು ಮೇಲೆ ಹೋದ ಚಂದ ಏನು ಹೇಳಲಿ. ಮೊಮ್ಮಗ ನನಗಿಂತ ಮೊದಲೇ ಹತ್ತಿ ಅಜ್ಜೀ ಇಲ್ಲಿ ಸಖತ್ತಾಗಿದೆ ಅನ್ನುತ್ತಿದ್ದ. ಅವನಿಗೆ ಅದು ಹಬ್ಬ. ಎದುರಿನ ಬರ್ತಿನಲ್ಲಿ ಅವನೊಬ್ಬನನ್ನೇ ಮಲಗಿಸಲು ಆಗುತ್ತಾ? ನಿದ್ದೆಯಲ್ಲಿ ಹಾಸಿಗೆ ಪೂರ್ತಿ ಸುತ್ತುವ ಮಗು. ಬಿದ್ದರೆ ನಾನು ಸೊಸೆಗೆ ಮುಖ ತೋರಿಸುವುದು ಹೇಗೆ? ಪಕ್ಕದಲ್ಲೇ ಮಲಗಿಸಿಕೊಂಡೆ. ಎರಡಡಿ ಅಗಲದ ಹಲಗೆ ಮೇಲೆ ಇಬ್ಬರು. ಅಂಚಿನಲ್ಲಿ ನಾನು ಗೋಡೆ. ಪೂರ್ತಿ ದುಡ್ಡು ಕೊಟ್ಟ ಅವನ ಬರ್ತಿನಲ್ಲಿ ನಮ್ಮ ಬ್ಯಾಗು, ಕೋಡುಬಳೆ ಡಬ್ಬ, ಒಂದು ಕೊಡೆ, ಎಲ್ಲ ಕಾಲು ಚಾಚಿ ಮಲಗಿದವು.

ಅರಸೀಕೆರೆ ಹತ್ತಿರ ಅವನಿಗೆ ಸೂಸು ಬಂತು. ಇಳಿ, ಹೋಗು, ಹತ್ತು. ಬೀರೂರು ದಾಟಿದ ಮೇಲೆ ಮತ್ತೆ. ಆಗ ನನ್ನ ನೀರಿನ ಬಾಟಲಿ ಜಾರಿ ಕೆಳಗಿನ ಇಯರ್‌ಫೋನ್ ಹುಡುಗನ ಮೇಲೆ ಬಿತ್ತು. ಸುಳ್ಳು ಯಾಕೆ ಹೇಳಲಿ, ಸ್ವಲ್ಪ ಸಮಾಧಾನ ಆಯಿತು.

ಆದರೆ ಆ ಹುಡುಗನ ಮೇಲಿನ ಸಿಟ್ಟು ಬೆಳಗಾಗುವಷ್ಟರಲ್ಲಿ ಇಳಿದಿತ್ತು. ಅವನ ಬರ್ತು ಅವನದು. ಅವನಿಗೂ ಏನಾದರೂ ನೋವು ಇರಬಹುದು, ಇಲ್ಲದಿರಬಹುದು, ಅದನ್ನು ನನಗೆ ವಿವರಿಸುವ ಹಂಗು ಅವನಿಗಿಲ್ಲ. ಪ್ರಯಾಣಿಕರನ್ನು ಒಬ್ಬರ ಮುಂದೆ ಒಬ್ಬರು ಕೈಚಾಚುವ ಹಾಗೆ ಮಾಡಿಟ್ಟಿದ್ದಾರಲ್ಲ, ನನ್ನ ಸಿಟ್ಟು ಅದರ ಮೇಲೆ. ವಯಸ್ಸು ಟಿಕೆಟ್ಟಿನಲ್ಲೇ ಇದೆ. ನನ್ನದು ಇದೆ, ಅವನದು ಇದೆ. ಒಬ್ಬರು ಹಿರಿಯರು, ಒಂದು ಚಿಕ್ಕ ಮಗು, ಬೇರೆ ಯಾರೂ ಇಲ್ಲ, ಇಬ್ಬರಲ್ಲಿ ಒಬ್ಬರಿಗಾದರೂ ಕೆಳಗೆ ಕೊಡು ಅಂತ ಕಂಪ್ಯೂಟರಿಗೆ ಹೇಳಿಕೊಡುವುದು ಅಷ್ಟು ಕಷ್ಟಾನಾ? 2022ರಲ್ಲಿ ಲಕ್ನೋ ಮೇಲ್‌ನಲ್ಲಿ ಲೋವರ್ ಬರ್ತಿಗೆ ಅಂಟಿಸಿ ಕೂಸುಗಳಿಗೆ ಪುಟ್ಟ ಬೇಬಿ ಬರ್ತ್ ಹಾಕಿ ನೋಡಿದ್ದರು, ಫೋಟೋ ಎಲ್ಲ ಕಡೆ ಓಡಾಡಿತ್ತು. ಒಳ್ಳೆಯದೇ. ಆದರೆ ಅದಕ್ಕೂ ಮೊದಲು ಲೋವರ್ ಸಿಗಬೇಕಲ್ಲ ತಾಯಂದಿರಿಗೆ!

ಇನ್ನು ಸಲಹೆ ಕೊಡುವವರು. ಇಬ್ಬರದ್ದೂ ಬೇರೆ ಬೇರೆ ಟಿಕೆಟ್ ಮಾಡಿಸಬೇಕಿತ್ತು, ನಿಮಗೆ ಲೋವರ್ ಬರ್ತಿತ್ತು ಅಂತಾರೆ. ಬರ್ತಿತ್ತು, ಮಗುವಿಗೆ ಬೇರೆ ಬೋಗಿ ಬಂದಿದ್ದರೆ? ನಾನು ಎಸ್2, ಅವನು ಎಸ್7, ನಡುವೆ ಓಡಾಡಿಕೊಂಡು ಇರಲಾ? ಲೋವರ್ ಸಿಕ್ಕರೆ ಮಾತ್ರ ಬುಕ್ ಮಾಡು ಅನ್ನೋ ಆಯ್ಕೆ ಇದೆಯಲ್ಲ ಅಂತ ಇನ್ನೊಬ್ಬರು. ಇದೆ. ಅದನ್ನು ಒತ್ತಿದರೆ, ಲೋವರ್ ಇಲ್ಲದಾಗ ಟಿಕೆಟ್ಟೇ ಆಗುವುದಿಲ್ಲ, ಮತ್ತೆ ಮೊದಲಿಂದ ಮಾಡುವಷ್ಟರಲ್ಲಿ ವೇಟಿಂಗ್ ಲಿಸ್ಟ್. ಬಸ್ಸಿನಲ್ಲಿ ಹೋಗಬಹುದಿತ್ತು ಅಂದವರಿಗೆ ನಾನು ಉತ್ತರ ಕೊಡುವುದಿಲ್ಲ. ಮಗು ನೋಡಬೇಕು ಅಂದಿದ್ದು ರೈಲು.

ವಾಪಸ್ ಟಿಕೆಟ್ಟೂ ಮಗ ಆಗಲೇ ಮಾಡಿಟ್ಟಿದ್ದಾನೆ. ಒಂದು ಮಿಡಲ್, ಒಂದು ಸೈಡ್ ಅಪ್ಪರ್. ಬ್ಯಾಗಿಗೆ ಯಾವುದು ಬೇಕೋ ಅದೇ ಆರಿಸಿಕೊಳ್ಳಲಿ.